ತ್ರಿಯೆಸ್ತೆಯ ವಿದ್ಯಾರ್ಥಿಗಳು: ಗಡಿನಾಡಿನಿಂದ ಒಂದು ಓದು

ಗಡಿನಾಡಿನ ಸಾಹಿತ್ಯದ ಬಗ್ಗೆ ನಮ್ಮಲ್ಲಿ ನಡೆಯುವ ಸಭೆಗಳಲ್ಲಿ ಎರಡು ಬಗೆಯ ಮಾತುಗಳು ಮತ್ತೆ ಮತ್ತೆ ಕೇಳಿಬರುತ್ತವೆ. ಒಂದು ಅನ್ಯಾಯದ ಮಾತು: 1956ರ ನವೆಂಬರ್ 1ರಂದು ಆದದ್ದು, ಆಮೇಲೆ ಆಗದೆ ಹೋದದ್ದು. ಇನ್ನೊಂದು ಸಂಗಮದ ಮಾತು: ಇದು ಸಪ್ತಭಾಷಾ ಸಂಗಮ ಭೂಮಿ, ಇಲ್ಲಿ ಭಾಷೆಗಳು ಅಕ್ಕತಂಗಿಯರಂತೆ ಬಾಳಿವೆ, ಇತ್ಯಾದಿ. ಬೆಳಗಿನ ಗೋಷ್ಠಿಯಲ್ಲಿ ಮೊದಲನೆಯದನ್ನು ಆಡಿದವರೇ ಸಂಜೆಯ ಸಮಾರೋಪದಲ್ಲಿ ಎರಡನೆಯದನ್ನು ಆಡುವುದೂ ಉಂಟು. ಎರಡರಲ್ಲೂ ಸತ್ಯಾಂಶವಿದೆ. ಆದರೆ ಒಂದು ಕೃತಿಯನ್ನು ಕೈಯಲ್ಲಿ ಹಿಡಿದು ಓದುವಾಗ ಈ ಎರಡು ಮಾತುಗಳಿಂದ ನಮಗೆ ಹೆಚ್ಚಿನ ಸಹಾಯ ಸಿಗುವುದಿಲ್ಲ. ಗಡಿಯಲ್ಲಿ ಹುಟ್ಟಿದ ಬರಹವನ್ನು ಅಳೆಯಲು ಬೇರೊಂದು ಅಳತೆಗೋಲು ಬೇಕು. ಅದನ್ನು ಹುಡುಕುತ್ತ ನಾನು ಕೆಲವು ಕಾಲದಿಂದ ಇನ್ನೊಂದು ಗಡಿನಾಡಿನ, ಇನ್ನೊಂದು ಸಮುದ್ರತೀರದ ಪುಸ್ತಕಗಳನ್ನು ಸಿಕ್ಕಿದ ಅನುವಾದಗಳಲ್ಲಿ ಓದುತ್ತಿದ್ದೇನೆ. ಆ ಊರು ಇಟಲಿಯ ಈಶಾನ್ಯ ಮೂಲೆಯಲ್ಲಿ, ಅದ್ರಿಯಾತಿಕ್ ಸಮುದ್ರದ ದಡದಲ್ಲಿರುವ ತ್ರಿಯೆಸ್ತೆ.

ತ್ರಿಯೆಸ್ತೆ ಮಹಾನಗರವಲ್ಲ. ಅದರ ಜನಸಂಖ್ಯೆ ಸುಮಾರು 2 ಲಕ್ಷ. ಮುಂದೆ ಸಮುದ್ರ, ಬೆನ್ನಿಗೆ ಕಾರ್ಸೊ ಎಂಬ ಸುಣ್ಣಕಲ್ಲಿನ ಪ್ರಸ್ಥಭೂಮಿ. ನಮ್ಮ ಮುರಕಲ್ಲಿನ ಪದವುಗಳನ್ನು ಕಂಡವರಿಗೆ ಕಾರ್ಸೊದ ವರ್ಣನೆ ಅಪರಿಚಿತವೆನಿಸದು: ಕಲ್ಲು ಬೇರೆ, ಬೋಳುತನ ಒಂದೇ. ಪೇಟೆಯಲ್ಲಿ ಇಟಾಲಿಯನ್, ಗುಡ್ಡೆಯ ಮೇಲಿನ ಹಳ್ಳಿಗಳಲ್ಲಿ ಸ್ಲೊವೇನ್ ಎಂಬುದು ಅಲ್ಲಿನ ಹಳೆಯ ಸ್ಥೂಲ ವಿಭಜನೆ. ಆದರೆ ಪೇಟೆಯೊಳಗೂ ಸ್ಲೊವೇನರು ಬಹಳ ಮಂದಿ ಇದ್ದರು. 1910ರ ಜನಗಣತಿಯ ಹೊತ್ತಿಗೆ ಅವರ ಪ್ರಮಾಣ ಸುಮಾರು ಕಾಲುಭಾಗ. 1382ರಿಂದ 1918ರವರೆಗೆ ಊರು ಆಸ್ಟ್ರಿಯಾದ ಹಾಪ್ಸ್‌ಬುರ್ಗ್ ಅರಸರ ಕೈಯಲ್ಲಿತ್ತು. 1719ರಲ್ಲಿ ಸುಂಕವಿಲ್ಲದ ಬಂದರೆಂದು ಘೋಷಿತವಾದ ಮೇಲೆ ಗ್ರೀಕರು, ಯಹೂದಿಗಳು, ಸೆರ್ಬರು, ಜರ್ಮನರು ಬಂದು ಸೇರಿದರು. ಮೊದಲ ಮಹಾಯುದ್ಧದ ಬಳಿಕ ಅದು ಇಟಲಿಗೆ ಹೋಯಿತು. ಎರಡನೆಯ ಯುದ್ಧದ ಬಳಿಕ ಮಿತ್ರರಾಷ್ಟ್ರಗಳ ಸೈನಿಕ ಆಡಳಿತ ಬಂತು. 1954ರ ಅಕ್ಟೋಬರ್‌ನಲ್ಲಿ ಲಂಡನ್ನಿನಲ್ಲಿ ಆದ ಒಪ್ಪಂದದಿಂದ ನಗರ ಮತ್ತೆ ಇಟಲಿಯ ಆಡಳಿತಕ್ಕೆ ಬಂತು. ನಮ್ಮ ಗೆರೆ ಬಿದ್ದದ್ದು ಅದಾಗಿ ಎರಡು ವರ್ಷಕ್ಕೆ.

ಇಷ್ಟು ಇತಿಹಾಸವಿರುವ ಊರಿನ ಸಾಹಿತ್ಯವನ್ನು ಯಾವ ಬಾಗಿಲಿನಿಂದ ಪ್ರವೇಶಿಸುವುದು? ನಾನು ಆರಿಸಿಕೊಂಡದ್ದು ವಿದ್ಯಾರ್ಥಿಯ ಬಾಗಿಲನ್ನು. ಗಡಿಯಲ್ಲಿ ಭಾಷೆಯ ಪ್ರಶ್ನೆ ಮೊದಲು ಮೈಗೆ ತಾಗುವುದು ತರಗತಿಯಲ್ಲಿ. ಮನೆಯಲ್ಲಿ ಯಾವ ಭಾಷೆಯಾದರೂ ಆದೀತು. ಅಂಗಡಿಯಲ್ಲಿ ಎರಡೂ ಮೂರೂ ಬೆರೆಸಿದರೆ ವ್ಯಾಪಾರ ಕೆಡುವುದಿಲ್ಲ. ಶಾಲೆಯಲ್ಲಿ ಮಾತ್ರ ಒಂದು ಭಾಷೆ ಕರಿಹಲಗೆಯ ಮೇಲೆ ಇರುತ್ತದೆ, ಉಳಿದವು ಬೆಂಚಿನ ಕೆಳಗೆ. ಆದ್ದರಿಂದ ಒಂದು ಊರಿನ ಸಾಹಿತ್ಯ ತನ್ನ ವಿದ್ಯಾರ್ಥಿಗಳನ್ನು ಹೇಗೆ ಕಂಡಿದೆ ಎಂದು ನೋಡಿದರೆ ಆ ಊರು ತನ್ನನ್ನು ಹೇಗೆ ಕಂಡಿದೆ ಎಂಬುದು ಸಾಕಷ್ಟು ತಿಳಿಯುತ್ತದೆ.

ಮೊದಲು ಒಂದು ವಿಚಿತ್ರವನ್ನು ಗಮನಿಸಬೇಕು. ಆಸ್ಟ್ರಿಯಾದ ಕಾಲದಲ್ಲಿ ಅಷ್ಟು ದೊಡ್ಡ ಬಂದರು ನಗರಕ್ಕೆ ಒಂದು ವಿಶ್ವವಿದ್ಯಾನಿಲಯವಿರಲಿಲ್ಲ. 1877ರಲ್ಲಿ ತೆರೆದ ರೆವೊಲ್ತೆಲ್ಲಾ ಹೆಸರಿನ ಉನ್ನತ ವಾಣಿಜ್ಯ ಶಾಲೆ ಇತ್ತು, ಅಷ್ಟೇ. ವ್ಯಾಪಾರಿಗಳ ಊರಿಗೆ ಲೆಕ್ಕ ಕಲಿಸಿದರೆ ಸಾಕು ಎಂಬ ಭಾವನೆಯೂ ಇದ್ದಿರಬಹುದು. ಅದಕ್ಕಿಂತ ಮುಖ್ಯವಾಗಿ, ಇಟಾಲಿಯನ್ ಭಾಷೆಯ ವಿಶ್ವವಿದ್ಯಾನಿಲಯ ಕೊಟ್ಟರೆ ರಾಷ್ಟ್ರೀಯವಾದಕ್ಕೆ ನೆಲೆ ಕೊಟ್ಟಂತಾಗುತ್ತದೆ ಎಂಬ ಭಯ ಸರಕಾರಕ್ಕಿತ್ತು. ಬದಲಿಗೆ 1904ರ ನವೆಂಬರ್‌ನಲ್ಲಿ ಇನ್ಸ್‌ಬ್ರುಕ್‌ನಲ್ಲಿ ಇಟಾಲಿಯನ್ ಕಾನೂನು ವಿಭಾಗವೊಂದನ್ನು ತೆರೆದಾಗ ಜರ್ಮನ್ ಭಾಷಿಕರ ಗುಂಪು ಅದನ್ನು ಧ್ವಂಸ ಮಾಡಿತು. ಬಂಧಿತರಾದ ಇಟಾಲಿಯನ್ ವಿದ್ಯಾರ್ಥಿಗಳಲ್ಲಿ ಮುಂದೆ ಇಟಲಿಯ ಪ್ರಧಾನಿಯಾದ ಅಲ್ಚೀದೆ ದೆ ಗಾಸ್ಪೆರಿಯೂ ಇದ್ದರು. ತ್ರಿಯೆಸ್ತೆಗೆ ವಿಶ್ವವಿದ್ಯಾನಿಲಯ ಬಂದದ್ದು 1924ರಲ್ಲಿ, ಆ ವಾಣಿಜ್ಯ ಶಾಲೆಯೇ ಬೆಳೆದು. ಹೀಗಾಗಿ ಮೊದಲ ಮಹಾಯುದ್ಧದ ಮುಂಚಿನ ತ್ರಿಯೆಸ್ತೆಯ ಹುಡುಗ ಓದಬೇಕಿದ್ದರೆ ಊರು ಬಿಡಬೇಕಿತ್ತು: ವಿಯೆನ್ನಾ, ಗ್ರಾತ್ಸ್, ಪ್ರಾಗ್, ಇಲ್ಲವೆ ಗಡಿಯಾಚೆಯ ಫ್ಲಾರೆನ್ಸ್. ಪ್ರತಿದಿನ ಬೆಳಿಗ್ಗೆ ಮಂಗಳೂರಿನ ರೈಲು ಹಿಡಿಯುವ ನಮ್ಮ ಮಕ್ಕಳಿಗೆ ಈ ಪಾಡು ವಿವರಿಸಿ ಹೇಳಬೇಕಾಗಿಲ್ಲ.

ಹಾಗೆ ಫ್ಲಾರೆನ್ಸಿಗೆ ಓದಲು ಹೋದವನು ಶಿಪಿಯೊ ಸ್ಲಾತಾಪೆರ್. ಹುಟ್ಟಿದ್ದು 1888. 1909ರಲ್ಲಿ, ಇನ್ನೂ ವಿದ್ಯಾರ್ಥಿಯಾಗಿದ್ದಾಗಲೇ, ಅಲ್ಲಿನ 'ಲಾ ವೋಚೆ' ಪತ್ರಿಕೆಯಲ್ಲಿ ತನ್ನ ಊರಿನ ಬಗ್ಗೆ ಲೇಖನಮಾಲೆ ಬರೆದ. ಮೊದಲ ಲೇಖನದ ವಾದವೇ ತ್ರಿಯೆಸ್ತೆಗೆ ಸಾಂಸ್ಕೃತಿಕ ಪರಂಪರೆಯೆಂಬುದಿಲ್ಲ ಎಂದು. ಊರಿನವರು ಕೆಂಡವಾದರು. ಆದರೆ ಅವನು ಬೈದದ್ದು ದೂರ ನಿಂತವನ ತಾತ್ಸಾರದಿಂದಲ್ಲ, ಊರನ್ನು ಬರೆಯಲು ಹೊರಟವನ ಅವಸರದಿಂದ. 1912ರಲ್ಲಿ 'ನನ್ನ ಕಾರ್ಸೊ' ಎಂಬ ಅವನ ಪುಸ್ತಕ ಬಂತು. ಕಾದಂಬರಿಯೆಂದರೆ ಕಾದಂಬರಿ, ಆತ್ಮಕಥೆಯೆಂದರೆ ಆತ್ಮಕಥೆ, ಗದ್ಯಕಾವ್ಯವೆಂದರೂ ನಡೆದೀತು.

ಆ ಪುಸ್ತಕದ ಆರಂಭ ಬಹಳ ಸ್ವಾರಸ್ಯದ್ದು. ನಿರೂಪಕ ಓದುಗರಿಗೆ ತಾನು ಕಾರ್ಸೊದ ಗುಡಿಸಲಲ್ಲಿ ಹುಟ್ಟಿದವನೆಂದು, ಕ್ರೊವೇಷಿಯಾದ ಓಕ್ ಕಾಡಿನಲ್ಲಿ ಹುಟ್ಟಿದವನೆಂದು, ಮೊರಾವಿಯಾದ ಬಯಲಲ್ಲಿ ಹುಟ್ಟಿದವನೆಂದು ಹೇಳಿಕೊಳ್ಳಲು ಆಸೆಪಡುತ್ತಾನೆ; ಮರುಕ್ಷಣವೇ ಅದೆಲ್ಲ ಸುಳ್ಳೆಂದು ಒಪ್ಪುತ್ತಾನೆ. ಫ್ಲಾರೆನ್ಸಿನ ನುಣುಪು ಇಟಾಲಿಯನ್ ಆಡುವ ಜಾಣ ಗೆಳೆಯರ ನಡುವೆ ಗಡಿಯ ಹುಡುಗನಿಗೆ ತನ್ನ ಒರಟುತನವೇ ಒಂದು ಬಂಡವಾಳವಾಗಿ ಕಾಣುವ ಗಳಿಗೆ ಇದು. ಪರಸ್ಥಳದಲ್ಲಿ ಓದಿದ ಎಲ್ಲ ಊರಿನ ಹುಡುಗರಿಗೂ ಈ ಪ್ರಲೋಭನೆ ಗೊತ್ತು. ಹಾಸ್ಟೆಲಿನಲ್ಲಿ ನಮ್ಮ ಭಾಷೆಯ ಧಾಟಿಯನ್ನು ಯಾರಾದರೂ ನಕ್ಕರೆ ಒಂದೋ ಅದನ್ನು ಅಡಗಿಸುತ್ತೇವೆ, ಇಲ್ಲವೇ ಇದ್ದದ್ದಕ್ಕಿಂತ ಎರಡು ಪಾಲು ಹೆಚ್ಚು ಮಾಡಿ ಆಡುತ್ತೇವೆ. ಸ್ಲಾತಾಪೆರನ ದೊಡ್ಡಸ್ತಿಕೆ ಎಂದರೆ ಎರಡನೆಯದನ್ನು ಮಾಡುತ್ತಲೇ ಅದು ನಟನೆಯೆಂದು ಗುರುತಿಸಿದ್ದು.

ಕನ್ನಡ ಓದುಗರಿಗೆ ಇಲ್ಲಿ ಇನ್ನೊಂದು ಕೃತಿ ನೆನಪಾಗಬೇಕು. ಅನಂತಮೂರ್ತಿಯವರು 'ಸಂಸ್ಕಾರ'ವನ್ನು ಬರೆದದ್ದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಸಂಶೋಧನ ವಿದ್ಯಾರ್ಥಿಯಾಗಿದ್ದಾಗ. ದೂರ್ವಾಸಪುರದ ಅಗ್ರಹಾರ ಅಷ್ಟು ಸ್ಪಷ್ಟವಾಗಿ ಕಂಡದ್ದು ಅಷ್ಟು ದೂರದಿಂದ. ಶಾಂತಿನಾಥ ದೇಸಾಯಿಯವರ 'ವಿಕ್ಷೇಪ' ಪರದೇಶದ ವಿದ್ಯಾರ್ಥಿಜೀವನವನ್ನೇ ನೇರವಾಗಿ ವಸ್ತು ಮಾಡಿಕೊಂಡರೆ, 'ಸಂಸ್ಕಾರ'ದಲ್ಲಿ ಆ ಜೀವನ ಪುಟದ ಮೇಲೆ ಎಲ್ಲಿಯೂ ಇಲ್ಲ. ಪುಟದ ಹಿಂದೆ ಇದೆ. ಸ್ಲಾತಾಪೆರ್ ಇವೆರಡರ ನಡುವಿನ ದಾರಿ ಹಿಡಿದವನು. ಓದುವ ಊರೂ ಹುಟ್ಟಿದ ಊರೂ ಅವನ ಪುಸ್ತಕದಲ್ಲಿ ಒಂದನ್ನೊಂದು ದಿಟ್ಟಿಸುತ್ತ ನಿಂತಿವೆ.

ಆದರೂ ಈ ಪುಸ್ತಕದ ಬಗ್ಗೆ ನನಗೊಂದು ತಕರಾರಿದೆ. ಸ್ಲಾತಾಪೆರ್ ಎಂಬ ಹೆಸರೇ ಸ್ಲಾವ್ ಮೂಲದ್ದು. 'ಚಿನ್ನದ ಲೇಖನಿ' ಎಂದು ಅದರ ಅರ್ಥ. ಅದನ್ನೇ ಇಟಾಲಿಯನ್ನಿಗೆ ತಿರುಗಿಸಿ 'ಪೆನ್ನಾದೋರೊ' ಎಂದು ತನ್ನನ್ನು ಪುಸ್ತಕದಲ್ಲಿ ಕರೆದುಕೊಳ್ಳುತ್ತಾನೆ. ಕಾರ್ಸೊದ ಸ್ಲೊವೇನ್ ರೈತನನ್ನು ಕಂಡಾಗ ಅವನಿಗೆ ರಕ್ತ ಬಿಸಿಯಾಗುತ್ತದೆ, ಆವೇಶದಿಂದ ಮಾತಾಡಿಸುತ್ತಾನೆ. ಆದರೆ ಆ ಸಂದರ್ಭದಲ್ಲಿ ಮಾತಿನ ಬಹುಪಾಲು ನಿರೂಪಕನದೇ. ರೈತ ಕಲ್ಲು, ಗಾಳಿ, ಜೂನಿಪರ್ ಪೊದೆಗಳ ಸಾಲಿನಲ್ಲಿ ಇನ್ನೊಂದು ವಸ್ತುವಾಗಿ ನಿಲ್ಲುತ್ತಾನೆ. ಆ ರೈತನ ಮಗನೂ ಶಾಲೆಗೆ ಹೋಗುತ್ತಿರಬಹುದು, ಅವನಿಗೂ ಪರೀಕ್ಷೆಯಿರಬಹುದು, ಅವನೂ ಒಂದು ದಿನ ಈ ಬೆಟ್ಟವನ್ನು ತನ್ನ ಭಾಷೆಯಲ್ಲಿ ಬರೆದಾನು ಎಂಬ ಕಲ್ಪನೆಗೆ ಈ ಪುಸ್ತಕದಲ್ಲಿ ಜಾಗವಿಲ್ಲ. ಸ್ಲಾತಾಪೆರ್ 1915ರ ಡಿಸೆಂಬರ್ 3ರಂದು ಪೊದ್ಗೊರಾ ಬೆಟ್ಟದ ಮೇಲೆ ಇಟಲಿಯ ಪರವಾಗಿ ಹೋರಾಡುತ್ತ ಸತ್ತ. ಇಪ್ಪತ್ತೇಳು ವರ್ಷ. ಇನ್ನಷ್ಟು ಬದುಕಿದ್ದರೆ ಏನನ್ನು ಕಾಣುತ್ತಿದ್ದನೋ ಎಂದು ಊಹಿಸುವುದು ವಿಮರ್ಶೆಯ ಕೆಲಸವಲ್ಲ. ಕಂಡದ್ದರಲ್ಲಿ ಇದಿಷ್ಟು ಇಲ್ಲ ಎಂದು ಹೇಳುವುದು ಅದರ ಕೆಲಸ.

ಅವನ ಗೆಳೆಯ ಜಾನಿ ಸ್ತುಪಾರಿಚ್ (1891–1961) ಯುದ್ಧದಿಂದ ಜೀವಂತ ಮರಳಿದವನು. ತಮ್ಮ ಕಾರ್ಲೊ ಮರಳಲಿಲ್ಲ. ಪ್ರಾಗ್ ಮತ್ತು ಫ್ಲಾರೆನ್ಸಿನಲ್ಲಿ ಓದಿ, ಅನಂತರ ಬಹುಕಾಲ ತ್ರಿಯೆಸ್ತೆಯ ಶಾಲೆಯಲ್ಲಿ ಅಧ್ಯಾಪಕನಾಗಿದ್ದ. 1929ರಲ್ಲಿ ಬಂದ ಅವನ ನೀಳ್ಗತೆ 'ಶಾಲೆಯ ಒಂದು ವರ್ಷ' ವಿದ್ಯಾರ್ಥಿಜೀವನದ ಬಗ್ಗೆ ಬಂದ ಒಳ್ಳೆಯ ಕಥೆಗಳಲ್ಲೊಂದು. ಮಹಾಯುದ್ಧದ ಮುಂಚಿನ ತ್ರಿಯೆಸ್ತೆ. ಹುಡುಗರೇ ತುಂಬಿದ ಗಿಮ್ನಾಸಿಯಂನ ಕೊನೆಯ ತರಗತಿಗೆ ಎದ್ದಾ ಮಾರ್ತಿ ಎಂಬ ಹುಡುಗಿ ಸೇರುತ್ತಾಳೆ. ವಿಶ್ವವಿದ್ಯಾನಿಲಯಕ್ಕೆ ಹೋಗಬೇಕೆಂದರೆ ಅವಳಿಗೆ ಆ ತರಗತಿಯನ್ನು ದಾಟದೆ ದಾರಿಯಿಲ್ಲ. ಒಬ್ಬಳು ಬಂದು ಕೂತದ್ದರಿಂದ ಇಡೀ ತರಗತಿಯ ತೂಕ ತಪ್ಪುತ್ತದೆ. ಹಳೆಯ ಗೆಳೆತನಗಳಲ್ಲಿ ಬಿರುಕು, ಹೊಸ ಪೈಪೋಟಿ, ಬಾಯಿ ಬಿಟ್ಟು ಹೇಳಲಾಗದ ಪ್ರೀತಿ. ಆಂತೆರೊ ಎಂಬವನಿಗೂ ಅವಳಿಗೂ ಪ್ರೇಮ ಬೆಳೆಯುತ್ತದೆ. ಪಾಸಿನಿ ಎಂಬವನು ಸಾಯಲು ಯತ್ನಿಸುತ್ತಾನೆ. ವರ್ಷ ಮುಗಿಯುತ್ತದೆ.

ಕಥೆಯ ಬಲವಿರುವುದು ಸ್ತುಪಾರಿಚ್ ಎದ್ದಾಳನ್ನು ಹುಡುಗರ ಕನಸಿನ ಗೊಂಬೆ ಮಾಡದಿರುವುದರಲ್ಲಿ. ಅವಳಿಗೆ ಬೇಕಾದದ್ದು ಹುಡುಗರಿಗೆ ಹುಟ್ಟಿನಿಂದಲೇ ಸಿಕ್ಕಿದ ಸ್ವಾತಂತ್ರ್ಯ: ಓದುವುದು, ಸ್ನೇಹಿತರೊಡನೆ ಸುತ್ತುವುದು, ತನ್ನ ಬದುಕನ್ನು ತಾನೇ ತೀರ್ಮಾನಿಸುವುದು. ಹುಡುಗರು ಅವಳನ್ನು ಮೆಚ್ಚುತ್ತಾರೆ, ಪೂಜಿಸುತ್ತಾರೆ. ಅವಳು ಕೇಳಿದ ಗೆಳೆತನವನ್ನು ಮಾತ್ರ ಕೊಡಲಾರರು. ನಮ್ಮ ಕನ್ನಡದ ಕಾಲೇಜು ಕಥೆಗಳಲ್ಲಿ ಒಂದೋ ವಿನೋದ, ಇಲ್ಲವೇ ವಿರಹ. ಬಿ.ಜಿ.ಎಲ್. ಸ್ವಾಮಿಯವರ 'ಕಾಲೇಜು ರಂಗ' ವಿಡಂಬನೆಯಾಗಿ ಅಪೂರ್ವವಾದದ್ದು. ಆದರೆ ಅದರ ಕಣ್ಣು ಅಧ್ಯಾಪಕರ ಕೋಣೆಯ ಮೇಲೆ. ಬೆಂಚಿನ ಮೇಲೆ ಕೂತವರ ಒಳಗನ್ನು ಇಷ್ಟು ಶಾಂತವಾಗಿ ನೋಡಿದ ಸ್ತುಪಾರಿಚನ ಕಥೆಯನ್ನು ಕನ್ನಡಕ್ಕೂ ಮಲಯಾಳಕ್ಕೂ ಯಾರಾದರೂ ತರಬೇಕು.

ಆದರೂ ನನ್ನ ಅದೇ ಪ್ರಶ್ನೆ ಇಲ್ಲಿಯೂ ಏಳುತ್ತದೆ. ಆ ಗಿಮ್ನಾಸಿಯಂ ಇಟಾಲಿಯನ್ ಮಾಧ್ಯಮದ್ದು. ಹೊರಗಿನವಳಾಗಿ ಬಂದವಳು ಹುಡುಗಿ. ಹೊರಗಿನ ಭಾಷೆಯೊಂದು ಆ ತರಗತಿಗೆ ಬಂದು ಕೂತು ತೂಕ ತಪ್ಪಿಸುವ ಪ್ರಸಂಗ ಕಥೆಯ ಕೇಂದ್ರಕ್ಕೆ ಬರುವುದಿಲ್ಲ. ಕಥೆ ಪ್ರಕಟವಾದ 1929ರಲ್ಲಿ ಅದೇ ಊರಿನಲ್ಲಿ ಏನು ನಡೆಯುತ್ತಿತ್ತು ಎಂಬುದನ್ನು ಪಕ್ಕದಲ್ಲಿಟ್ಟು ನೋಡಿದರೆ ಈ ಮೌನ ದೊಡ್ಡದಾಗಿ ಕೇಳಿಸುತ್ತದೆ.

ಆ ಸಂಗತಿಗೆ ಬರುವ ಮುನ್ನ ಇತಾಲೊ ಸ್ವೇವೊನನ್ನು ದಾಟಿ ಹೋಗುವಂತಿಲ್ಲ. ನಿಜ ಹೆಸರು ಎತ್ತೊರೆ ಶ್ಮಿತ್ಸ್. ಹುಡುಗನಾಗಿ ಜರ್ಮನಿಯ ವಸತಿಶಾಲೆಯಲ್ಲಿ ಓದಿದವನು, ಅನಂತರ ರೆವೊಲ್ತೆಲ್ಲಾ ವಾಣಿಜ್ಯ ಶಾಲೆ, ಆಮೇಲೆ ಬ್ಯಾಂಕು, ಆಮೇಲೆ ಮಾವನ ಬಣ್ಣದ ಕಾರ್ಖಾನೆ. ಮಧ್ಯವಯಸ್ಸಿನಲ್ಲಿ ಮತ್ತೆ ವಿದ್ಯಾರ್ಥಿಯಾದ: ಇಂಗ್ಲಿಷ್ ಕಲಿಯಲು. ಗುರು ಯಾರೆಂದರೆ 1905ರಿಂದ ಆ ಊರಿನಲ್ಲಿ ಇಂಗ್ಲಿಷ್ ಪಾಠ ಹೇಳಿ ಹೊಟ್ಟೆ ಹೊರೆಯುತ್ತಿದ್ದ ಜೇಮ್ಸ್ ಜಾಯ್ಸ್. ಗುರುವಿಗಿಂತ ಶಿಷ್ಯ ಇಪ್ಪತ್ತು ವರ್ಷಕ್ಕೆ ಹಿರಿಯ. ಡಬ್ಲಿನ್ನಿನ ವಿದ್ಯಾರ್ಥಿಯೊಬ್ಬನ ಕಥೆಯಾದ 'ಎ ಪೋರ್ಟ್ರೇಟ್ ಆಫ್ ದಿ ಆರ್ಟಿಸ್ಟ್ ಆ್ಯಸ್ ಎ ಯಂಗ್ ಮ್ಯಾನ್' ಕಾದಂಬರಿಯ ಮೊದಲ ಅಧ್ಯಾಯಗಳನ್ನು 1909ರಲ್ಲಿ ಓದಿ ಬರೆಯಲು ಹುರಿದುಂಬಿಸಿದವನು ಈ ಶಿಷ್ಯನೇ. ಜಾಯ್ಸ್ ತನ್ನ ಇನ್ನೊಬ್ಬ ಶಿಷ್ಯೆಯ ಬಗೆಗಿನ ಮೋಹವನ್ನು ಒಂದು ಪುಟ್ಟ ಟಿಪ್ಪಣಿ ಪುಸ್ತಕದಲ್ಲಿ ಬರೆದಿಟ್ಟಿದ್ದು 'ಜಾಕೊಮೊ ಜಾಯ್ಸ್' ಎಂದು 1968ರಲ್ಲಿ, ಅವನು ಸತ್ತ ಎಷ್ಟೋ ಕಾಲದ ಮೇಲೆ ಪ್ರಕಟವಾಯಿತು. ಅಲ್ಲಿ ಶಿಷ್ಯೆ ನೋಟಕ್ಕೆ ಗುರಿಯಾದವಳು ಮಾತ್ರ. ಅವಳಿಗೆ ಗುರು ಹೇಗೆ ಕಂಡಾನು ಎಂಬುದು ಬರಹದ ಹೊರಗುಳಿಯುತ್ತದೆ.

ಸ್ವೇವೊನ 'ಜೇನೊನ ಅಂತಃಪ್ರಜ್ಞೆ' (1923) ಕಾದಂಬರಿಯ ನಾಯಕ ಅನಾದಿ ವಿದ್ಯಾರ್ಥಿ. ಕಾನೂನು ಬಿಟ್ಟು ರಸಾಯನಶಾಸ್ತ್ರಕ್ಕೆ, ಅದನ್ನು ಬಿಟ್ಟು ಮತ್ತೆ ಕಾನೂನಿಗೆ ಹಾರುತ್ತಾನೆ. ಒಂದೊಂದು ಬದಲಾವಣೆಗೂ ಒಂದೊಂದು 'ಕೊನೆಯ ಸಿಗರೇಟು'. ಪರೀಕ್ಷೆಯ ಮುಂಚಿನ ರಾತ್ರಿ ಪ್ರತಿಜ್ಞೆ ಮಾಡದ ವಿದ್ಯಾರ್ಥಿ ಯಾವ ದೇಶದಲ್ಲಿದ್ದಾನೆ? ಆದರೆ ಈ ನಗೆಯ ಒಳಗೆ ಗಡಿನಾಡಿನ ಒಂದು ನಿಜ ಅಡಗಿದೆ. ಮನೆಯಲ್ಲಿ ತ್ರಿಯೆಸ್ತೆಯ ಆಡುಮಾತು ಆಡುವ ತಾವು ಗ್ರಂಥಸ್ಥ ಟಸ್ಕನ್ ಭಾಷೆಯಲ್ಲಿ ಬರೆಯಹೊರಟರೆ ಅದರಲ್ಲಿ ಸುಳ್ಳು ಸೇರದೆ ಇರುವುದಿಲ್ಲ ಎಂಬುದು ಜೇನೊನ ಅಳಲು. ಗೊತ್ತಿರುವ ಶಬ್ದಗಳಿರುವ ಸಂಗತಿಗಳನ್ನಷ್ಟೇ ಬರೆಯುತ್ತೇವೆ, ನಿಘಂಟು ನೋಡಬೇಕಾದೀತೆಂದು ಉಳಿದದ್ದನ್ನು ಬಿಟ್ಟುಬಿಡುತ್ತೇವೆ ಎಂಬ ಅವನ ತರ್ಕವನ್ನು ನಮ್ಮ ಪ್ರತಿಯೊಬ್ಬ ಲೇಖಕನೂ ಒಮ್ಮೆ ತನಗೆ ಹಚ್ಚಿ ನೋಡಿಕೊಳ್ಳಬೇಕು. ಮನೆಯಲ್ಲಿ ತುಳುವೋ ಮಲಯಾಳವೋ ಕೊಂಕಣಿಯೋ ಹವ್ಯಕವೋ ಆಡಿ, ಮೈಸೂರಿನ ಪುಸ್ತಕದ ಕನ್ನಡದಲ್ಲಿ ಬರೆಯುವಾಗ ನಮ್ಮ ಅನುಭವದ ಯಾವ ಯಾವ ಭಾಗ ನಿಘಂಟಿನ ಹೆದರಿಕೆಯಿಂದ ಕೈಬಿಟ್ಟುಹೋಗಿದೆ? ಸ್ವೇವೊನ ಇಟಾಲಿಯನ್ ಕೆಟ್ಟದೆಂದು ವಿಮರ್ಶಕರು ಬಹುಕಾಲ ಮೂಗುಮುರಿದರು. ಆ 'ಕೆಟ್ಟ' ಭಾಷೆಯ ಕಾದಂಬರಿ ಇಂದು ಇಟಲಿಯ ಶ್ರೇಷ್ಠ ಕೃತಿಗಳ ಸಾಲಿನಲ್ಲಿದೆ.

ಈಗ ಆ ಮೌನದ ಸಂಗತಿಗೆ ಬರೋಣ. ಊರಿನ ನಡುವೆ ಸ್ಲೊವೇನರ ಒಂದು ಭವ್ಯ ಸಭಾಭವನವಿತ್ತು, ನಾರೊದ್ನಿ ದೊಮ್. ವಾಸ್ತುಶಿಲ್ಪಿ ಮಾಕ್ಸ್ ಫಾಬಿಯಾನಿ. 1904ರಲ್ಲಿ ಕಟ್ಟಿ ಮುಗಿದದ್ದು. ರಂಗಮಂದಿರ, ಬ್ಯಾಂಕು, ಕಾಫಿಮನೆ, ಹೋಟೆಲು ಎಲ್ಲವೂ ಒಂದೇ ಸೂರಿನಡಿ. 1920ರ ಜುಲೈ 13ರಂದು ಫ್ಯಾಸಿಸ್ಟರು ಅದಕ್ಕೆ ಬೆಂಕಿಯಿಟ್ಟರು. 1923ರ ಶಿಕ್ಷಣ ಕಾಯಿದೆಯ ಬಳಿಕ ಸ್ಲೊವೇನ್ ಮಾಧ್ಯಮದ ತರಗತಿಗಳು ಒಂದೊಂದಾಗಿ ಮುಚ್ಚಿದವು. ಜನರ ಹೆಸರುಗಳನ್ನೂ ಇಟಾಲಿಯನ್ ಮಾಡಿದರು. 1938ರ ಸೆಪ್ಟೆಂಬರ್ 18ರಂದು ಮುಸೊಲಿನಿ ಜನಾಂಗೀಯ ಕಾನೂನುಗಳನ್ನು ಘೋಷಿಸಿದ್ದು ಇದೇ ಊರಿನ ಚೌಕದಲ್ಲಿ, ಸಮುದ್ರಕ್ಕೆ ಮುಖ ಮಾಡಿದ ಪಿಯಾತ್ಸಾ ಉನಿತಾದಲ್ಲಿ. ಯಹೂದಿ ಮಕ್ಕಳೂ ಅಧ್ಯಾಪಕರೂ ಶಾಲೆಯಿಂದ ಹೊರಬಿದ್ದರು.

ನಾರೊದ್ನಿ ದೊಮ್ ಉರಿಯುವುದನ್ನು ಇನ್ನೂ ಏಳು ತುಂಬದ ಬಾಲಕನೊಬ್ಬ ಕಣ್ಣಾರೆ ಕಂಡ. ಅವನು ಬೊರಿಸ್ ಪಾಹೊರ್. ಹುಟ್ಟಿದ್ದು 1913. ಇಟಾಲಿಯನ್ ಶಾಲೆಯಲ್ಲಿ ಓದಬೇಕಾಯಿತು. ಸ್ಲೊವೇನ್ ಸಾಹಿತ್ಯವನ್ನು ತಾನಾಗಿಯೇ ಓದಿ ಕಲಿಯಬೇಕಾಯಿತು. ಯುದ್ಧಕಾಲದಲ್ಲಿ ನಾತ್ಸಿ ಶಿಬಿರಗಳಿಗೆ ಒಯ್ದರು, ಬದುಕಿ ಬಂದ, ಪಾದುವಾದಲ್ಲಿ ಪದವಿ ಮುಗಿಸಿ ತ್ರಿಯೆಸ್ತೆಯ ಸ್ಲೊವೇನ್ ಶಾಲೆಯಲ್ಲಿ ಅಧ್ಯಾಪಕನಾದ. ಶಿಬಿರದ ಅನುಭವದ 'ನೆಕ್ರೊಪೊಲಾ' (1967) ಅವನ ಪ್ರಸಿದ್ಧ ಕೃತಿ. 2022ರ ಮೇ 30ರಂದು 108ನೆಯ ವಯಸ್ಸಿನಲ್ಲಿ ತೀರಿಕೊಂಡ.

ಪಾಹೊರನ ಒಂದು ಸಣ್ಣ ಕಥೆಯಿದೆ. ಕೋಟು ತೂಗುಹಾಕುವ ಕೊಕ್ಕೆಯ ಮೇಲಿನ ಚಿಟ್ಟೆ ಎಂಬರ್ಥದ ಶೀರ್ಷಿಕೆ. ಯುಲ್ಕಾ ಎಂಬ ಪುಟ್ಟ ಸ್ಲೊವೇನ್ ಹುಡುಗಿ ತರಗತಿಯಲ್ಲಿ ತನ್ನ ಮಾತೃಭಾಷೆಯಲ್ಲಿ ಮಾತಾಡಿದ್ದಕ್ಕೆ ಅಧ್ಯಾಪಕ ಅವಳನ್ನು ಜಡೆ ಹಿಡಿದೆತ್ತಿ ಆ ಕೊಕ್ಕೆಗೆ ತೂಗುಹಾಕುತ್ತಾನೆ. ಕಥೆ ಚಿಕ್ಕದು, ಅಬ್ಬರವಿಲ್ಲ. ಸ್ಲಾತಾಪೆರನ ಕಾರ್ಸೊ, ಸ್ತುಪಾರಿಚನ ತರಗತಿ, ಸ್ವೇವೊನ ನಗೆ ಎಲ್ಲವನ್ನೂ ಓದಿ ಮೆಚ್ಚಿದ ಮೇಲೆ ಈ ಕಥೆಗೆ ಬಂದರೆ, ಅದುವರೆಗೆ ಓದಿದ್ದೆಲ್ಲ ಒಂದೇ ಬದಿಯ ಕಿಟಕಿಯಿಂದ ಕಂಡ ಊರು ಎಂಬುದು ಅರಿವಿಗೆ ಬರುತ್ತದೆ. ಅಲ್ಲಿ ಬೆಟ್ಟದ ಹಿನ್ನೆಲೆಯಾಗಿದ್ದವರ ಮಗಳು ಇಲ್ಲಿ ತರಗತಿಯೊಳಗೆ ಬಂದಿದ್ದಾಳೆ. ಬಂದ ಕೂಡಲೇ ಅವಳಿಗೆ ಸಿಕ್ಕ ಜಾಗ ಆ ಕೊಕ್ಕೆ.

ನಾನು ಹುಡುಕುತ್ತಿದ್ದ ಅಳತೆಗೋಲು ಇಲ್ಲಿ ಸಿಕ್ಕಿತು. ಗಡಿಯ ಕೃತಿಯೊಂದನ್ನು ಓದುವಾಗ ಕೇಳಬೇಕಾದ ಪ್ರಶ್ನೆ ಇದು: ಇದರ ತರಗತಿಯಲ್ಲಿ ಯಾರು ಕೂತಿದ್ದಾರೆ, ಯಾರು ಕಿಟಕಿಯ ಹೊರಗೆ ದೃಶ್ಯವಾಗಿದ್ದಾರೆ? ಇದರಿಂದ ಸ್ಲಾತಾಪೆರನ ಮೌಲ್ಯ ಕಡಿಮೆಯಾಗದು. ಗದ್ಯದ ಕಸುವಿನಲ್ಲಿ ಅವನು ಪಾಹೊರನಿಗಿಂತ ಮೇಲೆಂದೇ ಯಾರಾದರೂ ವಾದಿಸಬಹುದು. ಆದರೆ ಎರಡನ್ನೂ ಜೋಡಿಸಿ ಓದದೆ ತ್ರಿಯೆಸ್ತೆಯ ಸಾಹಿತ್ಯ ಓದಿದೆನೆಂದು ಹೇಳುವಂತಿಲ್ಲ. ವಿಷಾದವೆಂದರೆ, ಆ ಊರಿನ ಇಟಾಲಿಯನ್ ಓದುಗರೇ ಪಾಹೊರನನ್ನು ವ್ಯಾಪಕವಾಗಿ ಓದತೊಡಗಿದ್ದು ಅವನು ತೊಂಬತ್ತು ದಾಟಿದ ಮೇಲೆ. ಅದಕ್ಕೂ ಮುಂಚೆ ಫ್ರೆಂಚರೂ ಜರ್ಮನರೂ ಅವನನ್ನು ಓದಿದ್ದರು. ಒಂದೇ ಬಸ್ಸಿನಲ್ಲಿ ಓಡಾಡುವವರು ಒಬ್ಬರ ಪುಸ್ತಕವನ್ನು ಇನ್ನೊಬ್ಬರು ತಿಳಿಯಲು ಪ್ಯಾರಿಸ್ಸಿನ ಶಿಫಾರಸು ಬೇಕಾಯಿತು.

ಇಂದಿನ ತ್ರಿಯೆಸ್ತೆ ವಿದ್ಯಾರ್ಥಿಗಳಿಗೆ ಒಳ್ಳೆಯ ಊರೆಂದು ಹೆಸರಾಗಿದೆ. ವಿಶ್ವವಿದ್ಯಾನಿಲಯದ ಮುಖ್ಯ ಕಟ್ಟಡ ಗುಡ್ಡದ ಮೇಲಿದೆ. 'ಬೋರಾ' ಎಂಬ ಬಿರುಗಾಳಿ ಬೀಸುವ ದಿನ ಅಲ್ಲಿಗೆ ಹತ್ತುವುದೇ ಒಂದು ಪರೀಕ್ಷೆ. ನಿಜವಾದ ಪರೀಕ್ಷೆಗಳು ಬಹಳಷ್ಟು ಬಾಯಿಪಾಠದವು, ಅಂದರೆ ಅಧ್ಯಾಪಕರೆದುರು ಕೂತು ಬಾಯಲ್ಲೇ ಉತ್ತರಿಸುವಂಥವು. ಅಂಕ 30ಕ್ಕೆ, 18 ಬಂದರೆ ಪಾಸು. ಬಂದ ಅಂಕ ಸಾಲದೆಂದು ತೋರಿದರೆ ಬೇಡವೆಂದು ಹೇಳಿ ಇನ್ನೊಮ್ಮೆ ಬರಬಹುದು. ಪದವಿ ಮುಗಿದ ದಿನ ತಲೆಗೆ ಲಾರೆಲ್ ಎಲೆಯ ಕಿರೀಟ. ಬೇಸಿಗೆಯಲ್ಲಿ ಬಾರ್ಕೊಲಾದ ಕಡಲಬದಿಯ ಕಾಂಕ್ರೀಟ್ ದಾರಿಯ ಮೇಲೆ ಚಾಪೆ ಹಾಸಿ ಪುಸ್ತಕ ಹಿಡಿದು ಮಲಗುತ್ತಾರೆ. ಸೆಖೆಯಾದರೆ ನೀರಿಗೆ ಹಾರುತ್ತಾರೆ. ಕಾಫಿಯ ಆ ಊರಿನಲ್ಲಿ ಕಾಫಿಗೆ ಊರಿನದೇ ಹೆಸರುಗಳು: 'ನೇರೊ' ಎಂದರೆ ಕರಿಕಾಫಿ, 'ಕಾಪೊ' ಎಂದರೆ ಹನಿ ಹಾಲು ಬಿದ್ದದ್ದು, ಅದನ್ನೇ ಗಾಜಿನ ಲೋಟದಲ್ಲಿ ಕೇಳಿದರೆ 'ಕಾಪೊ ಇನ್ ಬಿ'. 1914ರಲ್ಲಿ ತೆರೆದ ಸಾನ್ ಮಾರ್ಕೊ ಕಾಫಿಮನೆಯಲ್ಲಿ ಒಂದು ಕಪ್ಪಿಗೆ ಗಂಟೆಗಟ್ಟಲೆ ಕೂತು ಓದುವ ವಿದ್ಯಾರ್ಥಿಗಳ ನಡುವೆ ಕೂತೇ ಕ್ಲಾವ್ದಿಯೊ ಮಾಗ್ರಿಸ್ ಬರೆದದ್ದು. ಅವರ 'ಮಿಕ್ರೊಕೊಸ್ಮಿ' (1997) ಶುರುವಾಗುವುದೇ ಆ ಕಾಫಿಮನೆಯಿಂದ. ಕಾರ್ಸೊದ ಸ್ಲೊವೇನ್ ರೈತರ ಮನೆಗಳಲ್ಲಿ ವರ್ಷದ ಕೆಲವು ದಿನ ಮನೆಯ ದ್ರಾಕ್ಷಾರಸ ಮಾರುವ 'ಓಸ್ಮಿತ್ಸಾ'ಗಳಿಗೆ ಸಂಜೆ ಹುಡುಗರು ಗುಂಪಾಗಿ ಹತ್ತುತ್ತಾರೆ. ಎಂಟು ಎಂಬ ಸ್ಲೊವೇನ್ ಶಬ್ದದಿಂದ ಬಂದ ಹೆಸರದು. ಹಿಂದೆ ಎಂಟು ದಿನವಷ್ಟೇ ಮಾರಲು ಅಪ್ಪಣೆಯಿತ್ತು. ಪಾಕಿಸ್ತಾನದ ವಿಜ್ಞಾನಿ ಅಬ್ದುಸ್ ಸಲಾಂ 1964ರಲ್ಲಿ ಸ್ಥಾಪಿಸಿದ ಭೌತವಿಜ್ಞಾನ ಕೇಂದ್ರಕ್ಕೆ ಭಾರತ, ಆಫ್ರಿಕಾ, ಲ್ಯಾಟಿನ್ ಅಮೆರಿಕದಿಂದ ತರುಣರು ಬರುತ್ತಾರೆ.

ಪ್ರವಾಸಿ ಕೈಪಿಡಿಗಳು ಇದನ್ನೆಲ್ಲ ಸೇರಿಸಿ 'ಸಂಸ್ಕೃತಿಗಳ ಸಂಗಮ' ಎನ್ನುತ್ತವೆ. ನಮಗೆ ಆ ಶಬ್ದ ಪರಿಚಿತ. ಆದರೆ ಆ ಸಂಗಮದ ನಡುವೆಯೇ ಒಂದು ಕಟ್ಟಡ ನಿಂತಿದೆ. ಸುಟ್ಟ ನಾರೊದ್ನಿ ದೊಮ್ ಅನಂತರ ಬೇರೆಯವರ ಹೋಟೆಲಾಯಿತು, ಆಮೇಲೆ ವಿಶ್ವವಿದ್ಯಾನಿಲಯದ ಕೈಗೆ ಬಂತು. ದಶಕಗಳ ಕಾಲ ಅಲ್ಲಿ ನಡೆದದ್ದು ಭಾಷಾಂತರಕಾರರನ್ನು ತಯಾರು ಮಾಡುವ ಶಾಲೆ. ಒಂದು ಭಾಷೆಯ ಮನೆಯನ್ನು ಸುಟ್ಟ ಜಾಗದಲ್ಲಿ ಭಾಷೆಯಿಂದ ಭಾಷೆಗೆ ದಾಟಿಸುವುದನ್ನು ಮಕ್ಕಳು ಕಲಿತರು. 2020ರ ಜುಲೈ 13ರಂದು, ಬೆಂಕಿಗೆ ನೂರು ತುಂಬಿದ ದಿನ, ಕಟ್ಟಡವನ್ನು ಸ್ಲೊವೇನ್ ಸಮುದಾಯಕ್ಕೆ ಹಿಂದಿರುಗಿಸುವ ಒಪ್ಪಂದಕ್ಕೆ ಇಟಲಿ ಮತ್ತು ಸ್ಲೊವೇನಿಯಾದ ಅಧ್ಯಕ್ಷರ ಸಮ್ಮುಖದಲ್ಲಿ ಸಹಿಯಾಯಿತು. ಸಂಗಮವೆಂಬ ಮಾತಿಗೆ ಅಲ್ಲಿ ಏನಾದರೂ ಅರ್ಥ ಬಂದಿದ್ದರೆ ಅದು ಈ ಹಿಂದಿರುಗಿಸುವಿಕೆಯಿಂದ. ಅದಕ್ಕೂ ಮುಂಚೆ, ಆಗಿದ್ದನ್ನು ಆಗಿದ್ದಂತೆ ಬರೆದಿಟ್ಟ ಒಬ್ಬ ಶಾಲಾ ಅಧ್ಯಾಪಕನ ಕಥೆಗಳಿಂದ.

ಇನ್ನು ನಮ್ಮ ಮಾತು. ಕನ್ನಡ ಬಾರದವರನ್ನು ಕನ್ನಡ ಮಾಧ್ಯಮದ ತರಗತಿಗೆ ಅಧ್ಯಾಪಕರನ್ನಾಗಿ ಕಳುಹಿಸಿದಾಗ ತಾಯಂದಿರು ಶಾಲೆಯ ಅಂಗಳದಲ್ಲಿ ಕೂತದ್ದನ್ನು ಈ ಜಿಲ್ಲೆ ಕಂಡಿದೆ. ಪಾಹೊರನನ್ನು ಓದುವಾಗ ನಾವು ಸಹಜವಾಗಿಯೇ ಯುಲ್ಕಾಳ ಜಾಗದಲ್ಲಿ ನಮ್ಮನ್ನು ಇಟ್ಟುಕೊಳ್ಳುತ್ತೇವೆ. ಅದು ಸುಳ್ಳಲ್ಲ. ಅದು ಪೂರ್ಣವೂ ಅಲ್ಲ. ನಮ್ಮ ಕನ್ನಡ ಶಾಲೆಗಳಲ್ಲಿ ಕೂತ ಮಕ್ಕಳಲ್ಲಿ ಎಷ್ಟೋ ಮಂದಿಯ ಮನೆಮಾತು ತುಳು, ಬ್ಯಾರಿ, ಮರಾಟಿ. ಕೆಲವರು ಕೊರಗರ ಕೇರಿಯಿಂದ ಬಂದವರು. ತರಗತಿಯಲ್ಲಿ ತುಳು ಆಡಿದರೆ ದಂಡ ಹಾಕುತ್ತಿದ್ದ ಕಾಲವನ್ನು ಹಿರಿಯರು ನಗುತ್ತ ನೆನೆಯುವುದುಂಟು. ಆ ನಗೆಯನ್ನು ಕೇಳಿಸಿಕೊಂಡು ನಮ್ಮ ಕಥೆಗಳನ್ನು ತಿರುಗಿ ಓದಬೇಕು. ನಮ್ಮ ಗಡಿನಾಡಿನ ಕಥೆಗಳಲ್ಲಿ ಕನ್ನಡದ ಅಧ್ಯಾಪಕ ನಾಯಕನಾಗಿ ಸಾಕಷ್ಟು ಸಲ ಬಂದಿದ್ದಾನೆ. ಅವನೆದುರು ಕೂತ ಬ್ಯಾರಿ ಹುಡುಗಿ, ಕೊರಗ ಹುಡುಗ, ತೋಟದ ಕೆಲಸಕ್ಕೆ ಬಂದ ಮಲಯಾಳಿ ಕೂಲಿಯ ಮಗ ಬಹುಮಟ್ಟಿಗೆ ಕಿಟಕಿಯ ಹೊರಗೇ ಉಳಿದಿದ್ದಾರೆ. ನಮ್ಮಲ್ಲಿ ಸ್ಲಾತಾಪೆರ್‌ಗಳಿಗೆ ಬರವಿಲ್ಲ. ಪದವಿನ ಬಗ್ಗೆ, ಕಡಲಿನ ಬಗ್ಗೆ, ಕಳೆದುಹೋದ ನಾಡಿನ ಬಗ್ಗೆ ಆವೇಶದಿಂದ ಬರೆಯುವವರು ಇದ್ದಾರೆ. ಬೇಕಾಗಿರುವುದು ಯುಲ್ಕಾಳನ್ನು ಕಾಣುವ ಕಣ್ಣು. ನಮ್ಮ ಕೊಕ್ಕೆಗೆ ತೂಗಿದ ಯುಲ್ಕಾಳನ್ನೂ ಸೇರಿಸಿ.

ಎರಡು ಲಿಪಿಗಳಲ್ಲಿ ಅಚ್ಚಾಗುವ ಈ ವಾರ್ಷಿಕವನ್ನು ಮಧ್ಯದಿಂದ ಮಡಚಿ ತಮ್ಮ ಅರ್ಧವನ್ನಷ್ಟೇ ಓದುವವರು ಎರಡೂ ಕಡೆ ಇದ್ದಾರೆ. ಓದಲು ಬಾರದಿದ್ದರೆ ಬಲ್ಲವರಿಂದ ಓದಿಸಿಕೊಂಡು ಕೇಳಬಹುದು, ಕೂಗಳತೆಯಲ್ಲಿ ಬಲ್ಲವರಿದ್ದಾರೆ. ತ್ರಿಯೆಸ್ತೆಯವರಿಗೆ ಪಕ್ಕದ ಮನೆಯ ಪುಸ್ತಕ ತಲುಪಲು ಅರ್ಧ ಶತಮಾನ ಹಿಡಿಯಿತು. ನಮಗೆ ಅಷ್ಟು ಕಾಲ ಬೇಕಾಗಿಲ್ಲ.